ಇ-ಸ್ಕೂಟರ್ ಬ್ಯಾಟರಿ ಚಾರ್ಜಿಂಗ್: ಬೆಂಕಿಗೆ ಎಡೆಗೊಡದ ಎಂಟು ಹಂತಗಳು

ಎಲೆಕ್ಟ್ರಿಕ್ ಸ್ಕೂಟರ್ ಕೊಂಡವರು ಮೊದಲು ಕೇಳುವುದು ಎಷ್ಟು ಗಂಟೆ ಚಾರ್ಜ್ ಮಾಡಬೇಕು ಎಂದು. ಎಲ್ಲಿ ಮಾಡಬೇಕು, ಯಾವ ಚಾರ್ಜರ್‌ನಿಂದ ಮಾಡಬೇಕು, ಯಾವಾಗ ಮಾಡಲೇಬಾರದು ಎಂದು ಕೇಳುವವರು ಅಪರೂಪ. ತಪ್ಪುಗಳಾಗುವುದು ಮಾತ್ರ ಅಲ್ಲಿಯೇ. ಯಾರದೋ ಚಾರ್ಜರ್, ಸಡಿಲವಾದ ಸಾಕೆಟ್, ಕೆಳಗೆ ಬಿದ್ದು ಪೆಟ್ಟು ತಿಂದ ಬ್ಯಾಟರಿ, ಬಾಗಿಲಿಗೆ ಅಡ್ಡಲಾಗಿ ನಿಲ್ಲಿಸಿದ ಗಾಡಿ. ಎಚ್ಚರಿಕೆಯ ಮಾತು ಎಷ್ಟು ಕೇಳಿದರೂ ಇವೇ ತಪ್ಪುಗಳು ಮರುಕಳಿಸುವುದಕ್ಕೆ ಕಾರಣವೊಂದಿದೆ: ಚಾರ್ಜಿಂಗ್ ಎಂದರೆ ಪ್ಲಗ್ ಚುಚ್ಚುವುದು ಎಂದೇ ಹೆಚ್ಚಿನವರ ಲೆಕ್ಕ. ಈ ಮಾರ್ಗದರ್ಶಿಯಲ್ಲಿ ಪ್ಲಗ್ ಬರುವುದು ಐದನೆಯ ಹಂತದಲ್ಲಿ.

## ಬೆಂಕಿ ಹುಟ್ಟುವ ಬಗೆ

ಬ್ಯಾಟರಿಯೊಳಗೆ ಸಾಲಾಗಿ ಜೋಡಿಸಿದ ಚಿಕ್ಕ ಘಟಕಗಳಿಗೆ ಸೆಲ್ ಎನ್ನುತ್ತಾರೆ. ಲಿಥಿಯಂ-ಅಯಾನ್ ಸೆಲ್‌ನೊಳಗೆ ಎರಡು ಎಲೆಕ್ಟ್ರೋಡ್‌ಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಪೊರೆಯಿರುತ್ತದೆ, ಸುತ್ತ ಸುಲಭವಾಗಿ ಉರಿಯುವ ದ್ರಾವಣವಿರುತ್ತದೆ. ಸೆಲ್ ಸುಮಾರು 80ರಿಂದ 120 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಒಳಗಿನ ರಾಸಾಯನಿಕ ಕ್ರಿಯೆಗಳೇ ಶಾಖ ಉತ್ಪಾದಿಸತೊಡಗುತ್ತವೆ. 130ರ ಆಸುಪಾಸಿನಲ್ಲಿ ಪಾಲಿಎಥಿಲೀನ್ ಪೊರೆ ಕರಗುತ್ತದೆ, ಎಲೆಕ್ಟ್ರೋಡ್‌ಗಳು ಒಂದಕ್ಕೊಂದು ತಗಲುತ್ತವೆ. ಅಲ್ಲಿಂದ ಮುಂದೆ ಪ್ಲಗ್ ಕಿತ್ತರೂ ಪ್ರಯೋಜನವಿಲ್ಲ. ಒಂದು ಸೆಲ್‌ನ ಬಿಸಿ ಪಕ್ಕದ ಸೆಲ್ಲನ್ನು ಹೊತ್ತಿಸುತ್ತದೆ, ಅದು ಅದರ ಪಕ್ಕದ್ದನ್ನು. ಇದಕ್ಕೆ ಥರ್ಮಲ್ ರನ್‌ಅವೇ ಎನ್ನುತ್ತಾರೆ.

ಈ ಸರಪಳಿ ಒಮ್ಮೆ ಆರಂಭವಾದರೆ ಮನೆಯ ಸಲಕರಣೆಗಳಿಂದ ಅದನ್ನು ತಡೆಯಲಾಗದು. ನಿಮ್ಮ ಕೈಯಲ್ಲಿರುವುದು ಅದಕ್ಕೂ ಹಿಂದಿನ ಹಂತಗಳು ಮಾತ್ರ.

## ಬೇಕಾಗುವ ವಸ್ತುಗಳು

ಗಾಡಿಯ ಜೊತೆಗೆ ಬಂದ ಚಾರ್ಜರ್ ಮತ್ತು ಕೈಪಿಡಿ, ಬ್ಯಾಟರಿ ಇಡುವ ಜಾಗದಲ್ಲಿ ಕೆಲಸ ಮಾಡುವ ಹೊಗೆ ಅಲಾರಂ, ಸುಸ್ಥಿತಿಯಲ್ಲಿರುವ ಎಂಸಿಬಿ (ಕರೆಂಟ್ ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್), 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದಾಗ ಸಂಪರ್ಕ ಕಡಿಯುವ ಸ್ವಿಚ್) ಮತ್ತು ಅರ್ತಿಂಗ್ ಇರುವ ಸಾಕೆಟ್, ಒಂದು ಟಾರ್ಚ್, ಒಣ ಬಟ್ಟೆ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಬಳಸಲು ಬಲ್ಲವರಿಗೆ ಅದೂ ಇರಲಿ. ಇಷ್ಟರಲ್ಲಿ ಒಂದನ್ನೇ ಹೊಸದಾಗಿ ಕೊಳ್ಳುವುದಾದರೆ ಹೊಗೆ ಅಲಾರಂ ಕೊಳ್ಳಿ. ಮಲಗಿದವರನ್ನು ಎಬ್ಬಿಸುವ ಶಕ್ತಿ ಉಳಿದ ಯಾವ ಸಲಕರಣೆಗೂ ಇಲ್ಲ.

## ಹಂತ 1: ಬ್ಯಾಟರಿ ಮತ್ತು ಚಾರ್ಜರ್ ಚೀಟಿಗಳನ್ನು ಹೊಂದಿಸಿ ನೋಡಿ

ಇದನ್ನು ಒಮ್ಮೆ ಮಾಡಿದರೆ ಸಾಕು, ಆದರೆ ಮಾಡದೆ ಮುಂದೆ ಹೋಗಬೇಡಿ. ಬ್ಯಾಟರಿಯ ಮೇಲೆ ಅದರ ಬಗೆ, ವೋಲ್ಟೇಜ್, ಆಂಪಿಯರ್-ಅವರ್ (ಅಂದರೆ ಅದರ ಸಾಮರ್ಥ್ಯ) ಬರೆದಿರುತ್ತದೆ. ಚಾರ್ಜರ್ ಮೇಲೆ ಔಟ್‌ಪುಟ್ ವೋಲ್ಟೇಜ್ ಮತ್ತು ಔಟ್‌ಪುಟ್ ಆಂಪಿಯರ್ ಇರುತ್ತದೆ. ಎರಡರ ಫೋಟೊ ತೆಗೆದಿಟ್ಟುಕೊಳ್ಳಿ.

ಜನ ಎಡವುವುದು "48 ವೋಲ್ಟ್" ಎಂಬ ಹೆಸರಿನಲ್ಲಿ. ಅದು ಹೆಸರಷ್ಟೇ, ಪೂರ್ತಿ ತುಂಬಿದಾಗಿನ ವೋಲ್ಟೇಜ್ ಬೇರೆಯೇ ಇರುತ್ತದೆ, ಬ್ಯಾಟರಿಯಿಂದ ಬ್ಯಾಟರಿಗೆ ಬದಲಾಗುತ್ತದೆ. ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಬಗೆಯ 13 ಲಿಥಿಯಂ ಸೆಲ್‌ಗಳ ಸರಣಿಯನ್ನು ಒಂದಕ್ಕೆ 4.2 ವೋಲ್ಟ್‌ನಂತೆ 54.6 ವೋಲ್ಟ್‌ವರೆಗೆ ತುಂಬಿಸಬಹುದು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ 16 ಸೆಲ್‌ಗಳ ಸರಣಿಗೆ ಒಂದಕ್ಕೆ 3.65ರಂತೆ 58.4 ವೋಲ್ಟ್ ಬೇಕು. ನಾಲ್ಕು ಲೆಡ್-ಆಸಿಡ್ ಬ್ಯಾಟರಿಗಳ ಚಾರ್ಜರ್ ಕೂಡ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಹೋಗುತ್ತದೆ. ಮೂರನ್ನೂ ಅಂಗಡಿಯಲ್ಲಿ 48 ವೋಲ್ಟ್ ಎಂದೇ ಕರೆಯುತ್ತಾರೆ.

ಈಗ 58.4 ವೋಲ್ಟ್‌ನ ಚಾರ್ಜರನ್ನು 54.6ರ ಬ್ಯಾಟರಿ ಪ್ಯಾಕ್‌ಗೆ ಚುಚ್ಚಿದಿರಿ ಎನ್ನಿ. ಪ್ರತಿ ಸೆಲ್ಲನ್ನೂ ಸುಮಾರು 4.49 ವೋಲ್ಟ್‌ವರೆಗೆ ಏರಿಸುವ ಒತ್ತಡ ಬೀಳುತ್ತದೆ. ಪ್ಯಾಕ್‌ನೊಳಗಿನ ರಕ್ಷಣಾ ಸರ್ಕ್ಯೂಟ್, ಅಂದರೆ ಬಿಎಂಎಸ್, ಮಧ್ಯೆ ಕಡಿದು ನಿಲ್ಲಿಸುತ್ತದೆ. ಮೊದಲ ಬಾರಿ ನಿಲ್ಲಿಸುತ್ತದೆ, ಮುಂದಿನ ಬಾರಿಯೂ ನಿಲ್ಲಿಸಬಹುದು. ಆದರೆ ಬಿಎಂಎಸ್ ಇರುವುದು ಆಪತ್ಕಾಲಕ್ಕೆ, ದಿನವೂ ಚಾರ್ಜಿಂಗ್ ಮುಗಿಸುವ ಸ್ವಿಚ್ ಆಗಿ ದುಡಿಯುವುದಕ್ಕಲ್ಲ. ಅದರೊಳಗೆ ಸ್ವಿಚ್‌ನಂತೆ ಕೆಲಸ ಮಾಡುವ ಮಾಸ್‌ಫೆಟ್‌ ಎಂಬ ಬಿಡಿಭಾಗಗಳು ಕೆಟ್ಟಾಗ ಅನೇಕ ವೇಳೆ ತೆರೆದ ಸ್ಥಿತಿಯಲ್ಲಿ ನಿಲ್ಲದೆ ಶಾರ್ಟ್ ಆಗಿಯೇ ಉಳಿಯುತ್ತವೆ. ಆ ದಿನ ಗಾಡಿ ಎಂದಿನಂತೆ ಚಾರ್ಜ್ ಆಗುತ್ತಿರುವಂತೆ ಕಾಣುತ್ತದೆ, ಕಾವಲುಗಾರ ಮಾತ್ರ ಇಲ್ಲವಾಗಿರುತ್ತಾನೆ.

ಪಿನ್ ಸರಿಹೊಂದಿತು ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ. ಒಂದೇ ಆಕಾರದ ಕನೆಕ್ಟರನ್ನು ಹಲವು ವೋಲ್ಟೇಜ್‌ಗಳಿಗೆ ಬಳಸುತ್ತಾರೆ, ಪ್ಲಸ್-ಮೈನಸ್ ತಿರುವುಮುರುವಾಗಿರುವ ಚಾರ್ಜರ್‌ಗಳೂ ಇವೆ. ಚಾರ್ಜರ್ ಕೆಟ್ಟರೆ ತಯಾರಕರಿಂದಲೇ ಅದೇ ಮಾದರಿಯನ್ನು ತರಿಸಿ. ಒಂದೆರಡು ದಿನದ ಮಟ್ಟಿಗೆ ಎಂದು ನೆರೆಯವರ ಚಾರ್ಜರ್ ಎರವಲು ತರುವುದಕ್ಕಿಂತ ಗಾಡಿಯನ್ನು ನಿಲ್ಲಿಸುವುದು ಮೇಲು.

ಹೆಚ್ಚು ಆಂಪಿಯರ್‌ನ "ಫಾಸ್ಟ್" ಚಾರ್ಜರ್ ವಿಷಯವೂ ಇದೇ. ಪ್ಯಾಕ್ ತಡೆದುಕೊಳ್ಳುವ ಗರಿಷ್ಠ ಚಾರ್ಜಿಂಗ್ ಆಂಪಿಯರ್ ಕೈಪಿಡಿಯಲ್ಲಿರುತ್ತದೆ. ಅದಕ್ಕಿಂತ ಹೆಚ್ಚಿನದನ್ನು ನೂಕಬೇಡಿ.

## ಹಂತ 2: ಜಾಗ ಗೊತ್ತುಮಾಡಿ

ಜಾಗ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಈ ಬ್ಯಾಟರಿ ಇದೇ ಗಳಿಗೆಯಲ್ಲಿ ಹೊತ್ತಿಕೊಂಡರೆ ಮನೆಯವರೆಲ್ಲ ಅದನ್ನು ದಾಟದೆ ಹೊರಗೆ ಹೋಗಬಲ್ಲರೇ? ಉತ್ತರ ಅನುಮಾನವಾದರೆ ಜಾಗ ಬದಲಿಸಿ.

ಮುಂಬಾಗಿಲ ಒಳಗಡೆ, ಮೆಟ್ಟಿಲ ಕೆಳಗೆ, ಕಿರಿದಾದ ಓಣಿಯಂಥ ಹಜಾರ, ಮಲಗುವ ಕೋಣೆ, ಇವು ನಾಲ್ಕೂ ಕೂಡದು. ಅನುಕೂಲವೆಂದು ಜನ ಆರಿಸಿಕೊಳ್ಳುವುದು ಇವನ್ನೇ ಎಂಬುದು ಬೇಸರದ ಸಂಗತಿ. ಮೆಟ್ಟಿಲ ಕೆಳಗಿನ ಬೆಂಕಿಯ ಹೊಗೆ ಮೆಟ್ಟಿಲನ್ನೇ ಚಿಮಣಿ ಮಾಡಿಕೊಂಡು ಮೇಲಿನ ಮಹಡಿಗಳನ್ನು ತುಂಬುತ್ತದೆ, ಕೆಳಗಿಳಿಯುವ ದಾರಿಯೂ ಅದೇ ಆಗಿರುತ್ತದೆ.

ಮಳೆ ಬೀಳದ, ನೇರ ಬಿಸಿಲು ತಾಗದ, ಗಾಳಿಯಾಡುವ ಹೊರಜಾಗ ಉತ್ತಮ. ಚಾವಣಿ ಇರುವ ತೆರೆದ ಪಾರ್ಕಿಂಗ್ ಆದೀತು, ಆದರೆ ಪಕ್ಕದಲ್ಲಿ ಪೆಟ್ರೋಲ್ ಗಾಡಿ, ಗ್ಯಾಸ್ ಸಿಲಿಂಡರ್, ಹಳೆಯ ಪೇಪರ್ ರಾಶಿ, ಹಾಸಿಗೆ-ಪೀಠೋಪಕರಣ ಇರಕೂಡದು. ಕಳಚಬಹುದಾದ ಬ್ಯಾಟರಿಯನ್ನು ಒಳಗೇ ತರಲೇಬೇಕಾದರೆ ಕಲ್ಲು, ಸಿಮೆಂಟ್ ಅಥವಾ ಟೈಲ್ಸ್ ನೆಲದ ಮೇಲಿಡಿ. ಮರದ ಮೇಜು, ಸೋಫಾ, ಕಾರ್ಪೆಟ್ ಬೇಡ. ಸುತ್ತ ನಾಲ್ಕೂ ಕಡೆ ಖಾಲಿ ಬಿಡಿ. ಧೂಳು ಕೂರದಿರಲಿ ಎಂದು ಬಟ್ಟೆ ಹೊದಿಸುವವರಿದ್ದಾರೆ. ಬಟ್ಟೆ ಧೂಳಿನ ಜೊತೆಗೆ ಶಾಖವನ್ನೂ ತಡೆಯುತ್ತದೆ.

ಗಾಡಿಯಲ್ಲಿ ಹಳೆಯ ಕಾಲದ ಲೆಡ್-ಆಸಿಡ್ ಬ್ಯಾಟರಿ ಇದ್ದರೆ ಗಾಳಿಯಾಟ ಇನ್ನೂ ಮುಖ್ಯ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಶೇಕಡಾ 4ರಷ್ಟು ಹೈಡ್ರೋಜನ್ ಸೇರಿದರೂ ಒಂದು ಕಿಡಿ ಸಾಕು.

## ಹಂತ 3: ಸಾಕೆಟ್ ಮತ್ತು ವೈರ್ ಪರೀಕ್ಷಿಸಿ

ಬ್ಯಾಟರಿ ಹೊತ್ತಿಕೊಂಡಿತು ಎಂದು ಸುದ್ದಿಯಾಗುವ ಬೆಂಕಿ ಕೆಲವೊಮ್ಮೆ ಗೋಡೆಯಿಂದ ಬಂದಿರುತ್ತದೆ. ಚಾರ್ಜರ್ ಗಂಟೆಗಟ್ಟಲೆ ಒಂದೇ ಸಮನೆ ಕರೆಂಟ್ ಎಳೆಯುತ್ತದೆ. ಮಿಕ್ಸಿಯಂತೆ ಎರಡು ನಿಮಿಷ ತಿರುಗಿ ನಿಲ್ಲುವ ಉಪಕರಣಕ್ಕೆ ಸಾಕಾಗಿದ್ದ ಸಾಕೆಟ್ ಇಲ್ಲಿ ಸೋಲುತ್ತದೆ. ಸಡಿಲವಾದ ಸಂಪರ್ಕದಲ್ಲಿ ಅರ್ಧ ಓಮ್ ಪ್ರತಿರೋಧವಿದ್ದು 5 ಆಂಪಿಯರ್ ಹರಿದರೆ ಆ ಒಂದು ಬಿಂದುವಿನಲ್ಲಿ 12.5 ವ್ಯಾಟ್ ಶಾಖ ಹುಟ್ಟುತ್ತದೆ. ಆಂಪಿಯರ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುವುದು ಹೀಗೆಯೇ.

ಮೊದಲು ಪ್ಲಗ್ ಚುಚ್ಚಿ ಅಲ್ಲಾಡಿಸಿ ನೋಡಿ. ಬಿಗಿಯಾಗಿ ಕೂರಬೇಕು, ತನ್ನ ತೂಕಕ್ಕೇ ಜಾರಬಾರದು. ಬಳಿಕ ಪ್ಲಗ್‌ನ ಪಿನ್‌ಗಳನ್ನು ನೋಡಿ. ಕಪ್ಪು ಕಲೆ, ಕರಗಿದ ಅಂಚು, ಹಸಿರು ಕಿಲುಬು ಇದ್ದರೆ ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಬದಲಿಸಬೇಕು, ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನು ಕೆಡಿಸುತ್ತದೆ. ಚಾರ್ಜರ್ ಮೇಲಿನ ಇನ್‌ಪುಟ್ ಆಂಪಿಯರ್ ಓದಿ, ಅದನ್ನು ನಿರಂತರವಾಗಿ ಹೊರಬಲ್ಲ ಸಾಕೆಟ್ ಹಾಗೂ ವೈರ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ಖಚಿತಪಡಿಸಿಕೊಳ್ಳಿ.

ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಅಷ್ಟು ಕರೆಂಟ್ ತಾಳುವ ದಪ್ಪ ವೈರಿನದು, ಅರ್ತ್ ಪಿನ್ ಇರುವುದು, ಒಂದೇ ಒಂದು, ಪೂರ್ತಿ ಬಿಚ್ಚಿ ಹಾಸಿದ್ದು ಇರಲಿ. ಸುರುಳಿ ಸುತ್ತಿದ ವೈರ್ ಒಳಗಿನ ಶಾಖ ಹೊರಗೆ ಹೋಗಲಾರದು. ಸುರುಳಿಯ ನಡುಭಾಗ ಮೊದಲು ಮೆತ್ತಗಾಗುತ್ತದೆ. ಬೋರ್ಡಿಗೆ ಇನ್ನೊಂದು ಬೋರ್ಡ್ ಜೋಡಿಸುವುದು, ಅದೇ ಬೋರ್ಡಿನಲ್ಲಿ ಇಸ್ತ್ರಿಪೆಟ್ಟಿಗೆ ಹಾಕುವುದು, ಬಾಗಿಲ ಸಂದಿಯಲ್ಲಿ ವೈರ್ ತೂರಿಸಿ ಬಾಗಿಲು ಮುಚ್ಚುವುದು ಎಲ್ಲ ಕಂಡಿದ್ದೇವೆ. ಎಂಸಿಬಿ ಪದೇಪದೇ ಬಿದ್ದರೆ ದೊಡ್ಡ ಎಂಸಿಬಿ ಹಾಕಿಸುವ ಸಲಹೆ ಕೊಡುವವರೂ ಇದ್ದಾರೆ. ವೈರ್ ಹಳೆಯದೇ ಉಳಿದು ಎಂಸಿಬಿ ಮಾತ್ರ ದೊಡ್ಡದಾದರೆ ಇನ್ನು ಮುಂದೆ ಬೀಳುವುದು ಎಂಸಿಬಿಯಲ್ಲ, ಬೇಯುವುದು ವೈರ್.

## ಹಂತ 4: ಬ್ಯಾಟರಿಯನ್ನು ತಣಿಯಲು ಬಿಡಿ, ಕಣ್ಣಾಡಿಸಿ

ಸವಾರಿ ಮುಗಿದ ಕೂಡಲೇ ಚಾರ್ಜಿಗೆ ಹಾಕುವ ಅಭ್ಯಾಸವನ್ನು ಬಿಡಲು ಜನ ಒಪ್ಪುವುದೇ ಇಲ್ಲ, ಮರೆತುಹೋಗುತ್ತದೆ ಎಂಬ ಭಯ ಅವರಿಗೆ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಅರ್ಧ ಗಂಟೆಯಿಂದ ಒಂದು ಗಂಟೆ, ಬಿಸಿಲಿನಲ್ಲಿ ನಿಂತ ಗಾಡಿಯಾದರೆ ಇನ್ನೂ ಹೆಚ್ಚು ಹೊತ್ತು ನೆರಳಿನಲ್ಲಿ ತಣಿಯಲಿ. ಬಹುತೇಕ ಲಿಥಿಯಂ ಪ್ಯಾಕ್‌ಗಳಿಗೆ ಚಾರ್ಜಿಂಗ್‌ಗೆ ಹೇಳಿರುವ ಉಷ್ಣತೆ 0ಯಿಂದ 45 ಡಿಗ್ರಿ. ತಣ್ಣೀರು ಎರಚಿ ತಣಿಸಬೇಡಿ.

ಕೆಳಗಿನ ಮಿತಿಯನ್ನು ಹೆಚ್ಚಿನವರು ಲಕ್ಷಿಸುವುದಿಲ್ಲ. ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಎಲೆಕ್ಟ್ರೋಡ್ ಒಳಗೆ ಸೇರಿಕೊಳ್ಳದೆ ಅದರ ಮೇಲೆ ಲೋಹವಾಗಿ ಕೂರುತ್ತದೆ, ಮುಳ್ಳಿನಂತೆ ಬೆಳೆದು ಮುಂದೊಂದು ದಿನ ಪೊರೆಯನ್ನು ಚುಚ್ಚಬಹುದು. ಚಳಿಪ್ರದೇಶದಲ್ಲಿರುವವರು ಬ್ಯಾಟರಿ ಕೋಣೆಯ ಉಷ್ಣತೆಗೆ ಬರುವ ತನಕ ಕಾಯಬೇಕು.

ತಣಿದ ಮೇಲೆ ಟಾರ್ಚ್ ಹಿಡಿದು ನೋಡಿ. ಹೊರಕವಚ ಉಬ್ಬಿದೆಯೇ, ಬಿರುಕಿದೆಯೇ, ಮೂಲೆ ಜಜ್ಜಿದೆಯೇ? ಲೋಹದ ಡಬ್ಬಿಯೊಳಗಿನ ಸೆಲ್ ಉಬ್ಬಿದ್ದು ಕಣ್ಣಿಗೆ ಕಾಣದಿರಬಹುದು. ಮೊದಲು ಸಲೀಸಾಗಿ ಒಳಗೆ ಕೂರುತ್ತಿದ್ದ ಬ್ಯಾಟರಿ ಈಗ ತಿಕ್ಕಾಡುತ್ತಿದೆ, ಒತ್ತಿ ಕೂರಿಸಬೇಕಾಗಿದೆ ಎಂದರೆ ಅದೇ ಸೂಚನೆ. ಮೂಗನ್ನೂ ಬಳಸಿ: ಸಿಹಿಯಾದ, ಉಗುರುಬಣ್ಣ ತೆಗೆಯುವ ದ್ರವದಂಥ ವಾಸನೆ ಬಂದರೆ ಸೆಲ್‌ನೊಳಗಿನ ದ್ರಾವಣ ಸೋರುತ್ತಿದೆ ಎಂದರ್ಥ.

ಇವುಗಳಲ್ಲಿ ಯಾವುದು ಕಂಡರೂ ಚಾರ್ಜ್ ಮಾಡಬೇಡಿ, ಎಂಟನೆಯ ಹಂತ ನೋಡಿ. ಈ ಮೂರು ಸಂದರ್ಭಗಳಲ್ಲೂ ಚಾರ್ಜ್ ಮಾಡಬೇಡಿ, ಪರೀಕ್ಷೆಗೆ ಕಳುಹಿಸಿ:

1. ಬ್ಯಾಟರಿ ಎತ್ತರದಿಂದ ಬಿದ್ದಿದ್ದರೆ ಅಥವಾ ಗಾಡಿ ಅಪಘಾತಕ್ಕೆ ಸಿಕ್ಕಿದ್ದರೆ. ಹೊರಗೆ ಗೀರೂ ಇಲ್ಲದೆ ಒಳಗೆ ಸೆಲ್ ಜಜ್ಜಿರಬಹುದು, ತೊಂದರೆ ಮರುದಿನವೂ ಕಾಣಿಸಿಕೊಳ್ಳಬಹುದು.

2. ಗಾಡಿ ನೀರಿನಲ್ಲಿ ಮುಳುಗಿದ್ದರೆ. ನೀರು-ಧೂಳು ಒಳನುಗ್ಗದೆಂದು ಹೇಳುವ ಐಪಿ67 ಗುರುತು ಇದ್ದರೂ ಅದು ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷದ ಪರೀಕ್ಷೆ, ಅದೂ ಹೊಸ ಬ್ಯಾಟರಿಗೆ. ವರ್ಷಗಟ್ಟಲೆ ಕುಲುಕಾಡಿದ ರಬ್ಬರ್ ಸೀಲ್ ಮೇಲೆ ಅಷ್ಟು ಭರವಸೆ ಇಡಬೇಡಿ.

3. ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದು ಪೂರ್ತಿ ಬರಿದಾಗಿದ್ದರೆ. ಸೆಲ್ ಅತಿಯಾಗಿ ಬರಿದಾದಾಗ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮರುಚಾರ್ಜ್ ಮಾಡಿದಾಗ ಆ ತಾಮ್ರ ತಪ್ಪು ಜಾಗದಲ್ಲಿ ಕೂತು ಶಾರ್ಟ್ ಆಗಬಹುದು. ಬಿಎಂಎಸ್ ತಪ್ಪಿಸಿ ನೇರ ಕರೆಂಟ್ ಕೊಟ್ಟು ಬ್ಯಾಟರಿಯನ್ನು "ಎಬ್ಬಿಸಿ" ಕೊಡುತ್ತೇನೆ ಎನ್ನುವ ಮೆಕ್ಯಾನಿಕ್‌ನಿಂದ ದೂರವಿರಿ. ಬಿಎಂಎಸ್ ಆ ಬ್ಯಾಟರಿಯನ್ನು ಸುಮ್ಮನೆ ನಿರಾಕರಿಸಿರುವುದಿಲ್ಲ.

## ಹಂತ 5: ಜೋಡಿಸುವ ಕ್ರಮ

1. ಗಾಡಿಯ ಕೀ ಆಫ್ ಮಾಡಿ. ಗೋಡೆಯ ಸ್ವಿಚ್ ಆಫ್ ಇದೆಯೇ ನೋಡಿ.
2. ಕೈ ಒಣಗಿರಲಿ. ಚಾರ್ಜಿಂಗ್ ಪೋರ್ಟ್‌ನಲ್ಲಿ ನೀರು, ಮಣ್ಣು, ಬಾಗಿದ ಪಿನ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ತೇವವಿದ್ದರೆ ಒಣ ಬಟ್ಟೆಯಿಂದ ಹೊರಭಾಗ ಒರೆಸಿ, ತಾನಾಗಿಯೇ ಆರಲು ಬಿಡಿ.
3. ಚಾರ್ಜರನ್ನು ನೆಲದ ಮೇಲೆ, ಫ್ಯಾನಿನ ಕಿಂಡಿಗಳು ಮುಚ್ಚದಂತೆ ಇಡಿ. ಸೀಟಿನ ಮೇಲೆ, ಸೀಟಿನ ಕೆಳಗಿನ ಡಬ್ಬಿಯಲ್ಲಿ, ಬ್ಯಾಟರಿಯ ಮೇಲೆ ಇಡಬೇಡಿ.
4. ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಬ್ಯಾಟರಿ ತುದಿಯನ್ನೂ ಗೋಡೆಯ ತುದಿಯನ್ನೂ ಜೋಡಿಸಿ.
5. ಕೊನೆಗೆ ಗೋಡೆಯ ಸ್ವಿಚ್ ಒತ್ತಿ.

ಯಾವ ತುದಿ ಮೊದಲು ಎಂಬ ವಾದ ಬಹಳ ಹಳೆಯದು, ತಯಾರಕರೇ ಬೇರೆ ಬೇರೆ ಹೇಳುತ್ತಾರೆ. ಸ್ವಿಚ್ ಕೊನೆಯಲ್ಲಿ ಒತ್ತುವವರಿಗೆ ಆ ವಾದದಿಂದ ಹೆಚ್ಚಿನ ತೊಂದರೆಯಿಲ್ಲ, ಏಕೆಂದರೆ ಎರಡು ತುದಿ ಕೂಡುವ ಹೊತ್ತಿಗೆ ಗೋಡೆಯಿಂದ ಕರೆಂಟೇ ಬರುತ್ತಿರುವುದಿಲ್ಲ. ಸಾಕೆಟ್‌ಗೆ ಸ್ವಿಚ್ ಇಲ್ಲದಿದ್ದರೆ ಮಾತ್ರ ಕೈಪಿಡಿಯ ಕ್ರಮವನ್ನು ಅಕ್ಷರಶಃ ಪಾಲಿಸಿ.

## ಹಂತ 6: ಆರಂಭದ ಅರ್ಧ ಗಂಟೆ ಹತ್ತಿರವಿರಿ

ಸ್ವಿಚ್ ಹಾಕಿ ಹೊರಟುಬಿಡಬೇಡಿ. ಹದಿನೈದಿಪ್ಪತ್ತು ನಿಮಿಷದ ಬಳಿಕ ಬಂದು ಪ್ಲಗ್‌ನ ಹೊರಭಾಗ, ಚಾರ್ಜರ್, ಬ್ಯಾಟರಿ ಕನೆಕ್ಟರ್, ಬ್ಯಾಟರಿಯ ಕವಚ, ಹೀಗೆ ಒಂದೊಂದರ ಹತ್ತಿರವೂ ಕೈ ಒಯ್ದು ನೋಡಿ. ಚಾರ್ಜರ್ ಬೆಚ್ಚಗಾಗುವುದು ಸಹಜ. ಪ್ಲಗ್ ಮತ್ತು ಕನೆಕ್ಟರ್ ಹೆಚ್ಚೆಂದರೆ ಉಗುರುಬೆಚ್ಚಗಿರಬೇಕು. ಮುಟ್ಟಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಸ್ವಿಚ್ ಆಫ್ ಮಾಡಿ ಮೂರನೆಯ ಹಂತಕ್ಕೆ ಮರಳಿ. ಬ್ಯಾಟರಿ ಕವಚದ ಒಂದು ಮೂಲೆ ಮಾತ್ರ ಉಳಿದದ್ದಕ್ಕಿಂತ ಬಿಸಿಯಾಗಿದ್ದರೆ ಅಲ್ಲೊಂದು ಸೆಲ್ ದುರ್ಬಲವಾಗಿರಬಹುದು ಎಂದು ತಿಳಿಯಿರಿ.

ಎಷ್ಟು ಹೊತ್ತು ಹಿಡಿಯಬೇಕೆಂದು ಮೊದಲೇ ಲೆಕ್ಕ ಹಾಕಬಹುದು. 30 ಆಂಪಿಯರ್-ಅವರ್ ಬ್ಯಾಟರಿ, 6 ಆಂಪಿಯರ್ ಚಾರ್ಜರ್ ಎಂದಾದರೆ ಬರಿದಾದಲ್ಲಿಂದ ಐದು ಗಂಟೆ, ಜೊತೆಗೆ ಕೊನೆಯಲ್ಲಿ ಕರೆಂಟ್ ಇಳಿಯುವುದರಿಂದ ಇನ್ನೊಂದಿಷ್ಟು. ಹಸಿರು ದೀಪ ಇದಕ್ಕಿಂತ ತೀರಾ ಬೇಗ ಬಂದರೆ ಬ್ಯಾಟರಿಯ ಸಾಮರ್ಥ್ಯ ಕುಸಿದಿರಬಹುದು ಅಥವಾ ಸೆಲ್‌ಗಳ ಮಟ್ಟ ಏರುಪೇರಾಗಿರಬಹುದು. ಲೆಕ್ಕ ಮೀರಿ ಗಂಟೆಗಟ್ಟಲೆ ಕಳೆದರೂ ಬಾರದಿದ್ದರೆ ಕಾಯುತ್ತ ಕೂರದೆ ನಿಲ್ಲಿಸಿ.

ಎಲ್ಲರೂ ಮಲಗಿದ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ ಚಾರ್ಜ್ ಮಾಡಬೇಡಿ. ಈ ಮಾತನ್ನು ಪಾಲಿಸುವುದು ಕಷ್ಟ, ರಾತ್ರಿಯೇ ಎಲ್ಲರಿಗೂ ಬಿಡುವು. ಸಂಜೆ ಬಂದು ತಣಿಯಲು ಬಿಟ್ಟು, ಊಟದ ಹೊತ್ತಿನಿಂದ ಮಲಗುವವರೆಗೆ ಅರ್ಧ ತುಂಬಿಸಿ, ಉಳಿದದ್ದನ್ನು ಬೆಳಗ್ಗೆ ಎದ್ದು ತುಂಬಿಸುವುದು ಸಾಧ್ಯ. ಲಿಥಿಯಂ ಬ್ಯಾಟರಿಯನ್ನು ಒಂದೇ ಉಸಿರಿಗೆ ಪೂರ್ತಿ ತುಂಬಿಸಬೇಕೆಂಬ ನಿಯಮವಿಲ್ಲ, ತುಂಡು ತುಂಡಾಗಿ ಚಾರ್ಜ್ ಮಾಡಿದರೆ ಅದಕ್ಕೆ ಹಾನಿಯೂ ಇಲ್ಲ.

## ಹಂತ 7: ಬಿಡಿಸುವುದು ಮತ್ತು ಇಡುವುದು

ಮೊದಲು ಗೋಡೆಯ ಸ್ವಿಚ್ ಆಫ್, ಬಳಿಕ ಎರಡೂ ತುದಿಗಳು. ವೈರ್ ಹಿಡಿದು ಎಳೆಯದೆ ಪ್ಲಗ್ ಹಿಡಿದು ಎಳೆಯಿರಿ. ತುಂಬಿದ ಮೇಲೆ ರಾತ್ರಿಯಿಡೀ ಚುಚ್ಚಿಯೇ ಬಿಡುವುದು ಬೇಡ.

ಶೇಕಡಾ 80ಕ್ಕೆ ನಿಲ್ಲಿಸಬೇಕೇ ಎಂದು ಬಹಳ ಜನ ತಲೆಕೆಡಿಸಿಕೊಳ್ಳುತ್ತಾರೆ. ಅದು ಮುಖ್ಯವಾಗಿ ಎನ್‌ಎಂಸಿ ಬ್ಯಾಟರಿಯ ಆಯಸ್ಸಿಗೆ ಸಂಬಂಧಿಸಿದ ಮಾತು. ಎಲ್‌ಎಫ್‌ಪಿಯನ್ನು ಆಗಾಗ 100ರವರೆಗೆ ತುಂಬಿಸಿದರೆ ಸೆಲ್‌ಗಳು ಸಮವಾಗುತ್ತವೆ, ಮೀಟರ್ ಸರಿಯಾದ ಅಂಕಿ ತೋರಿಸುತ್ತದೆ. 80ಕ್ಕೆ ನಿಲ್ಲಿಸುವ ಶಿಸ್ತು ಪಾಲಿಸುತ್ತಲೇ ಮೆಟ್ಟಿಲ ಕೆಳಗೆ ಚಾರ್ಜ್ ಮಾಡುವವರ ಎಚ್ಚರ ಎಲ್ಲಿ ಬೇಕೋ ಅಲ್ಲಿಲ್ಲ.

ವಾರಗಟ್ಟಲೆ ಗಾಡಿ ಓಡಿಸುವುದಿಲ್ಲವಾದರೆ ಶೇಕಡಾ 40ರಿಂದ 60ರಷ್ಟು ತುಂಬಿಸಿ ತಂಪಾದ ಒಣ ಜಾಗದಲ್ಲಿಡಿ, ತಿಂಗಳಿಗೊಮ್ಮೆ ಮಟ್ಟ ನೋಡಿ.

## ಹಂತ 8: ಅಪಾಯದ ಸೂಚನೆ ಕಂಡಾಗ

ಹಿಸ್ ಎಂಬ ಸದ್ದು, ಪಟಪಟ ಸಿಡಿತ, ಕಟುವಾಸನೆ, ಕವಚದ ಸಂದಿಯಿಂದ ಬಿಳಿಯ ಹೊಗೆ. ಆ ಬಿಳಿಯ ಹೊಗೆಯನ್ನು ನೀರಿನ ಹಬೆ ಎಂದು ತಿಳಿದು ಬಗ್ಗಿ ನೋಡುವುದು ಮಾರಣಾಂತಿಕ. ಅದು ಹೊತ್ತಿಕೊಳ್ಳಬಲ್ಲ ಅನಿಲ, ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಫ್ಲೋರೈಡ್‌ನಂಥ ವಿಷವೂ ಸೇರಿರುತ್ತದೆ. ಎಲ್‌ಎಫ್‌ಪಿ ಸುರಕ್ಷಿತ ಎಂಬ ಮಾತನ್ನು ಇಲ್ಲಿ ನೆಚ್ಚಬೇಡಿ. ಅದು ಹೆಚ್ಚು ಬಿಸಿ ತಾಳುತ್ತದೆ ಎಂಬುದು ನಿಜ, ಕೆಟ್ಟಾಗ ಅದೂ ಅನಿಲ ಬಿಡುತ್ತದೆ.

1. ಎಲ್ಲರನ್ನೂ ಕೂಗಿ ಎಬ್ಬಿಸಿ, ಹೊರಗೆ ಕಳುಹಿಸಿ.
2. ಮುಖ್ಯ ಸ್ವಿಚ್ ಬೆಂಕಿಯಿಂದ ದೂರ, ನೀವು ಹೊರಗೆ ಹೋಗುವ ದಾರಿಯಲ್ಲೇ ಇದ್ದರೆ ಮಾತ್ರ ಆಫ್ ಮಾಡಿ.
3. ಹೊರಬರುವಾಗ ಬಾಗಿಲು ಮುಚ್ಚಿಕೊಂಡು ಬನ್ನಿ.
4. ಅಗ್ನಿಶಾಮಕ ದಳಕ್ಕೆ ಕರೆ ಮಾಡಿ, ಲಿಥಿಯಂ ಬ್ಯಾಟರಿ ಎಂದು ಮೊದಲ ವಾಕ್ಯದಲ್ಲೇ ಹೇಳಿ.

ಉರಿಯುವ ಅಥವಾ ಹೊಗೆಯಾಡುವ ಬ್ಯಾಟರಿಯನ್ನು ಎತ್ತಿಕೊಂಡು ಹೊರಗೆ ಓಡಬೇಡಿ. ಗಾಡಿಯನ್ನು ತಳ್ಳಿಕೊಂಡು ಹೋಗಲೂ ಬೇಡಿ. ಪುಡಿಯ ಅಗ್ನಿಶಾಮಕ ಸಿಲಿಂಡರ್ ಸುತ್ತಲಿನ ಬಟ್ಟೆ-ಮರದ ಬೆಂಕಿಯನ್ನು ನಂದಿಸೀತು, ಸೆಲ್‌ನೊಳಗಿನ ಶಾಖವನ್ನು ಇಳಿಸಲಾರದು. ಮರಳಿನ ಕಥೆಯೂ ಅಷ್ಟೇ. ಸೆಲ್‌ಗಳನ್ನು ತಣಿಸುವುದು ಹೇರಳವಾದ ನೀರು, ಆದರೆ ಬಕೆಟ್ ಲೆಕ್ಕದಲ್ಲಿ ಅದು ಸಾಲದು. ಕರೆಂಟ್ ಸಂಪರ್ಕವಿರುವಾಗ ನೀರು ಸುರಿಯುವುದು ಬೇರೆಯೇ ಅಪಾಯ. ಆ ಕೆಲಸವನ್ನು ಬಂದವರಿಗೆ ಬಿಡಿ.

ಬೆಂಕಿ ನಂದಿದ ಬ್ಯಾಟರಿ ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು. ಕಟ್ಟಡ, ವಾಹನ, ಮರಗಿಡಗಳಿಂದ ದೂರ ಬಯಲಿನಲ್ಲಿಡಲು ಸಿಬ್ಬಂದಿಯನ್ನು ಕೇಳಿಕೊಳ್ಳಿ, ಮತ್ತೆ ಮನೆಯೊಳಗೆ ತರಬೇಡಿ. ಬೆಂಕಿ ಹತ್ತದೆ ಬರೀ ಉಬ್ಬಿದ ಅಥವಾ ಸೋರುವ ಬ್ಯಾಟರಿಯಾದರೆ ಚಾರ್ಜರ್ ಬಿಡಿಸಿ, ಸ್ಥಿತಿಯನ್ನು ಫೋನಿನಲ್ಲೇ ಸರ್ವಿಸ್ ಕೇಂದ್ರಕ್ಕೆ ವಿವರಿಸಿ, ಅವರು ಬಂದು ಒಯ್ಯುವರೇ ಎಂದು ಕೇಳಿ. ಲಿಫ್ಟ್‌ನಲ್ಲಿ ಇಳಿಸುವುದು, ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವುದು ಬೇಡ. ಮನೆಯ ಕಸಕ್ಕೂ ಗುಜರಿಗೂ ಹಾಕಬೇಡಿ. ಕಸದ ಲಾರಿಯಲ್ಲಿ ಜಜ್ಜಿದ ಬ್ಯಾಟರಿ ಲಾರಿಯನ್ನೇ ಹೊತ್ತಿಸುತ್ತದೆ.